ಅಮ್ಮನ "ದಾಯೆ?"

ಇವತ್ತು ರಾಜಕೀಯ ಇಲ್ಲ. ಬೆಳಗ್ಗೆಯಿಂದ ಅದನ್ನೇ ನೋಡಿದ್ದೀರಿ, ಇನ್ನರ್ಧ ಗಂಟೆ ಅದನ್ನೇ ತಲೆಗೆ ತುಂಬೋದು ಬೇಡ. ಇವತ್ತು ಮನೆ ವಿಷಯ. ನನ್ನ ಮನೆ ವಿಷಯ. ಹೇಳಿ ಮುಗಿಸೋ ಹೊತ್ತಿಗೆ ನಿಮ್ಮದೂ ಆದರೆ ನನ್ನನ್ನು ಬೈಕೋಬೇಡಿ.

ನನ್ನೂರು ಪಡೀಲ್. ಮಂಗಳೂರು ಬಲ್ಲವರಿಗೆ ಹೇಳಬೇಕಾದ್ದಿಲ್ಲ. ಮಿಕ್ಕವರಿಗೆ: ಬೆಂಗಳೂರಿಂದ ಘಾಟಿ ಇಳಿದು, ಬಿ.ಸಿ.ರೋಡ್, ಫರಂಗಿಪೇಟೆ, ಅಡ್ಯಾರ್, ಕಣ್ಣೂರು ದಾಟಿ, ಪಂಪ್‌ವೆಲ್‌ಗೆ ಮುಂಚೆ ಸಿಗೋ ಜಂಕ್ಷನ್. ರಾತ್ರಿ ಬಸ್ಸಲ್ಲಿ ಬಂದವರು ಕಂಡಕ್ಟರ್ "ಪಡೀಲ್, ಪಡೀಲ್" ಅಂದ ಕೂಡಲೇ ಸೀಟಿನ ಅಡಿ ಚಪ್ಪಲಿ ಹುಡುಕೋಕೆ ಶುರು ಮಾಡ್ತಾರೆ. ಪಕ್ಕದಲ್ಲೇ ಮಂಗಳೂರು ಜಂಕ್ಷನ್ ರೈಲ್ವೆ ಸ್ಟೇಷನ್. ನಮ್ಮ ಕಾಲದಲ್ಲಿ ಅದು ಕಂಕನಾಡಿ ಸ್ಟೇಷನ್, ನಮ್ಮಮ್ಮನ ಬಾಯಲ್ಲಿ ಈಗಲೂ ಅದೇ.

ಅಮ್ಮನಿಗೀಗ 78. ಓದಿದ್ದು ಏಳನೇ ಕ್ಲಾಸು. ಮನೆಮಾತು ತುಳು. ತುಳುವಿನಲ್ಲಿ ಅವಳಿಗೆ ಬಹಳ ಪ್ರಿಯವಾದ ಒಂದು ಶಬ್ದ ಇದೆ: "ದಾಯೆ?" ಅಂದರೆ, ಯಾಕೆ?

ಬೀಡಿ ಕಟ್ಟಿ ನಮ್ಮನ್ನು ಓದಿಸಿದವಳು. ಮಡಿಲಲ್ಲಿ ತಡ್ಪೆ, ಪಕ್ಕದಲ್ಲಿ ರೇಡಿಯೊ. ಕೈ ತನ್ನ ಪಾಡಿಗೆ ಬೀಡಿ ಸುತ್ತುತ್ತಿತ್ತು, ತಲೆ ರೇಡಿಯೊ ಒಳಗಿರುತ್ತಿತ್ತು. ವಾರ್ತೆ ಮುಗಿದ ಕೂಡಲೇ ನಮಗೆ ಪರೀಕ್ಷೆ. ಈ ಇರಾನ್ ಇರಾಕ್ ಹೊಡೆದಾಡ್ಕೊಳ್ಳೋದು ಯಾಕೆ? ಡೆಲ್ಲಿಯಲ್ಲಿ ಸರಕಾರ ಬಿದ್ದರೆ ಅಕ್ಕಿ ರೇಟು ಯಾಕೆ ಏರ್ಬೇಕು? ಸಮುದ್ರದ ನೀರು ಉಪ್ಪು, ಅದರಿಂದ್ಲೇ ಮೇಲೆ ಹೋಗಿ ಬೀಳೋ ಮಳೆ ನೀರು ಯಾಕೆ ಉಪ್ಪಲ್ಲ? ಉತ್ತರ ಗೊತ್ತಿಲ್ಲದೆ ಮರುದಿನ ಮೇಷ್ಟ್ರ ಹತ್ತಿರ ಹೋಗಿ ನಾನು ಕೇಳಬೇಕಾಗ್ತಿತ್ತು. ಬಸ್ಸಲ್ಲಿ ಪಕ್ಕ ಕೂತ ಹೆಂಗಸಿನ ಚೀಲದಲ್ಲಿರೋದು ಯಾವ ಸೊಪ್ಪು, ಅದನ್ನು ಏನಕ್ಕೆ ಹಾಕ್ತಾರೆ, ಎಲ್ಲಾ ಕೇಳಿಯೇ ಇಳಿಯೋಳು. ನನಗೆ ನಾಚಿಕೆ. ಕಿಟಕಿ ಕಡೆ ಮುಖ ಮಾಡಿ, ಈ ಹೆಂಗಸು ಯಾರೋ ನನಗೆ ಗೊತ್ತೇ ಇಲ್ಲ ಅನ್ನೋ ಹಾಗೆ ಕೂರುತ್ತಿದ್ದೆ.

ಈಗ ನನ್ನ ಕೆಲಸ ಏನು ಹೇಳಿ? ಸ್ಟುಡಿಯೋದಲ್ಲಿ ಕೂತು ಬೇರೆಯವರಿಗೆ ಪ್ರಶ್ನೆ ಕೇಳೋದು! ಅದಕ್ಕೆ ಸಂಬಳ ಬೇರೆ ಕೊಡ್ತಾರೆ.

ಅಪ್ಪ ಹೋದ ಮೇಲೆ ಅಮ್ಮನನ್ನು ಬೆಂಗಳೂರಿಗೆ ಕರ್ಕೊಂಡು ಬಂದೆ. ಒಂಬತ್ತನೇ ಮಹಡಿ ಫ್ಲಾಟು. ಲಿಫ್ಟು, ಗೀಸರು, ಅಡುಗೆಗೆ ಒಬ್ಬರು, ಕಸಕ್ಕೆ ಒಬ್ಬರು. "ಅಮ್ಮಾ, ನೀನು ದುಡಿದದ್ದು ಸಾಕು, ಆರಾಮಾಗಿ ಕೂತ್ಕೋ" ಅಂದೆ. ಕೂತಳು. ಮುಂದೆ ಟಿವಿ. ಅದರಲ್ಲಿ ನಾನು. ನನಗೆ ಹೆಮ್ಮೆಯೋ ಹೆಮ್ಮೆ, ಅಮ್ಮ ದಿನವಿಡೀ ನಮ್ಮ ಚಾನಲ್ಲೇ ನೋಡ್ತಾಳೆ ಅಂತ. ಒಂದು ದಿನ ಊಟ ಮಾಡ್ತಾ ಕೇಳಿದೆ, "ನಿನ್ನೆ ರಾತ್ರಿ ನನ್ನ ಪ್ರೋಗ್ರಾಂ ಹೇಗಿತ್ತಮ್ಮಾ?" ಅವಳು ಹೇಳಿದ್ದನ್ನು ಕನ್ನಡದಲ್ಲಿ ಹೇಳ್ತೀನಿ: "ಯಾರಿಗೋ ಬೈಯ್ತಿದ್ದಿ. ಎಂತಕ್ಕೆ ಅಂತ ಗೊತ್ತಾಗ್ಲಿಲ್ಲ."

ನಕ್ಕೆವು. ನಗಬಾರದಿತ್ತು. ಇದೇ ಅಮ್ಮ ಹತ್ತು ವರ್ಷ ಹಿಂದೆ ಆಗಿದ್ದರೆ "ಯಾರಿಗೆ? ಯಾಕೆ? ಅವ ಎಂತ ಮಾಡಿದ?" ಅಂತ ನನ್ನನ್ನು ಎಬ್ಬಿಸಿ ಕೇಳ್ತಿದ್ದಳು. ಪ್ರಶ್ನೆ ನಿಂತು ಎಷ್ಟು ದಿನ ಆಗಿತ್ತೋ, ಮನೆಯಲ್ಲಿ ಯಾರಿಗೂ ಗೊತ್ತೇ ಆಗಿರಲಿಲ್ಲ. ಗುರುತಿಸಿದ್ದು ಪಡೀಲ್‌ನಲ್ಲಿರೋ ನನ್ನ ತಂಗಿ. "ಅಣ್ಣಾ, ಅಮ್ಮ ಫೋನಲ್ಲಿ ಈಗ ಎಂತದ್ದೂ ಕೇಳುವುದೇ ಇಲ್ಲ. ಹೂಂ ಅಂತಾಳೆ, ಇಡ್ತಾಳೆ" ಅಂದಳು. ನಾನೇನಂದೆ ಗೊತ್ತಾ? "ವಯಸ್ಸಾಯ್ತಲ್ಲ." ಅರವತ್ತಕ್ಕೆ ಅರಳು ಮರಳು ಅಂತ ನಮ್ಮಲ್ಲೊಂದು ಗಾದೆ ಇದೆಯಲ್ಲ, ಅದಕ್ಕಿಂತ ಅನುಕೂಲವಾದ ಗಾದೆ ಮಕ್ಕಳಿಗೆ ಇನ್ನೊಂದಿಲ್ಲ. ಒಂದೇ ಮಾತಲ್ಲಿ ಜವಾಬ್ದಾರಿ ಮುಗೀತು!

ಈಗ ಸ್ವಲ್ಪ ವಿಜ್ಞಾನ. ಚಾನಲ್ ಬದಲಾಯಿಸಬೇಡಿ, ಪ್ಲೀಸ್.

ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ ಡಿಮೆನ್ಷಿಯಾ, ಅಂದರೆ ದಿನನಿತ್ಯದ ಬದುಕನ್ನೇ ಕೆಡಿಸುವ ಮರೆವಿನ ಕಾಯಿಲೆ ಇದೆ ಅಂತ 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿತು. ಸಂಖ್ಯೆಯಲ್ಲಿ 88 ಲಕ್ಷ ಜನ. ಇವರನ್ನು ನೋಡ್ಕೊಳ್ಳೋ ಮಗಳು, ಸೊಸೆ, ಹೆಂಡತಿ ಈ ಲೆಕ್ಕದಲ್ಲಿಲ್ಲ. ಹೌದು, ಹೆಚ್ಚಿನ ಮನೆಗಳಲ್ಲಿ ಹೆಂಗಸರೇ. ಅವರನ್ನೂ ಸೇರಿಸಿದರೆ ಲೆಕ್ಕ ಎಲ್ಲಿಗೆ ಹೋಗುತ್ತೋ!

ಕುತೂಹಲ ಇದ್ದರೆ ಮೆದುಳಿಗೆ ಏನು ಲಾಭ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಥಾಯಸ್ ಗ್ರೂಬರ್ ಮತ್ತು ಅವರ ಜೊತೆಗಾರರು 2014ರಲ್ಲಿ ಒಂದು ಚೆಂದದ ಪ್ರಯೋಗ ಪ್ರಕಟಿಸಿದರು. ಜನರನ್ನು ಸ್ಕ್ಯಾನಿಂಗ್ ಮಷಿನ್ ಒಳಗೆ ಮಲಗಿಸಿ ಕ್ವಿಜ್ ಪ್ರಶ್ನೆ ತೋರಿಸೋದು. ಉತ್ತರ ತಕ್ಷಣ ಕೊಡಲ್ಲ, ಕೆಲವು ಸೆಕೆಂಡು ಕಾಯಿಸ್ತಾರೆ. ಕಾಯೋ ಹೊತ್ತಲ್ಲಿ ಪ್ರಶ್ನೆಗೆ ಸಂಬಂಧವೇ ಇಲ್ಲದ ಯಾರದೋ ಮುಖ ಒಂದು ಪರದೆ ಮೇಲೆ ಬಂದು ಹೋಗುತ್ತೆ. ಆಮೇಲೆ ಪರೀಕ್ಷೆ. ತುಂಬಾ ಕುತೂಹಲ ಹುಟ್ಟಿಸಿದ ಪ್ರಶ್ನೆಗಳ ಉತ್ತರ ಹೆಚ್ಚು ನೆನಪಿತ್ತು, ಇದರಲ್ಲೇನೂ ಆಶ್ಚರ್ಯ ಇಲ್ಲ. ಆಶ್ಚರ್ಯ ಏನಂದ್ರೆ, ಆ ಕುತೂಹಲದ ಹೊತ್ತಲ್ಲಿ ಸುಮ್ಮನೆ ಬಂದು ಹೋದ ಮುಖಗಳೂ ಹೆಚ್ಚು ನೆನಪಿದ್ದವು! ನೆನಪು ಕೂಡಿಡುವ ಹಿಪೊಕ್ಯಾಂಪಸ್ ಅನ್ನೋ ಭಾಗವೂ, ಬಹುಮಾನ ಸಿಗುತ್ತೆ ಅಂದಾಗ ಚುರುಕಾಗುವ ಡೊಪಮೈನ್ ಜಾಲವೂ ಒಟ್ಟಿಗೆ ಎಚ್ಚರಾಗಿದ್ದವು. ಅಂದರೆ ಕುತೂಹಲ ಹುಟ್ಟಿದ ಮನೆಯಲ್ಲಿ ಬಾಗಿಲು ಪೂರ್ತಿ ತೆರೆದಿರುತ್ತೆ. ಕರೆದವರೂ ಬರ್ತಾರೆ, ಕರೆಯದವರೂ ಬಂದು ಕೂರ್ತಾರೆ.

ಅವರೆಲ್ಲ ಹರೆಯದವರು, ಮುದುಕರ ಕತೆ ಏನು ಅಂತೀರಾ? ಆಲನ್ ಕ್ಯಾಸ್ಟೆಲ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರು, ವಯಸ್ಸು ಮತ್ತು ನೆನಪಿನ ಬಗ್ಗೆಯೇ ಕೆಲಸ ಮಾಡುವವರು. ಅವರ ತಂಡ ವಯಸ್ಸಾದವರಿಗೂ ಇದೇ ಥರ ಕ್ವಿಜ್ ಪ್ರಶ್ನೆ ಕೊಟ್ಟು ವಾರ ಬಿಟ್ಟು ಕೇಳಿತು. ಆಸಕ್ತಿ ಹುಟ್ಟಿಸಿದ್ದು ಉಳಿದಿತ್ತು, ಬೇಡ ಅನಿಸಿದ್ದು ಹೋಗಿತ್ತು. 2025ರಲ್ಲಿ ಅದೇ ಕ್ಯಾಸ್ಟೆಲ್ ಬಳಗ 20ರಿಂದ 84 ವಯಸ್ಸಿನವರನ್ನು ಇಟ್ಟುಕೊಂಡು ಇನ್ನೊಂದು ವಿಷಯ ಹೇಳಿತು. "ನಾನು ಕುತೂಹಲದ ಮನುಷ್ಯ" ಅನ್ನೋ ಒಟ್ಟು ಸ್ವಭಾವ ವಯಸ್ಸಿನ ಜೊತೆ ಸ್ವಲ್ಪ ಇಳಿಯುತ್ತೆ, ನಿಜ. ಆದರೆ ಎದುರಿಗೆ ಒಂದು ಪ್ರಶ್ನೆ ಇಟ್ಟಾಗ ಆ ಕ್ಷಣ ಹುಟ್ಟೋ ಕುತೂಹಲ ಇದೆಯಲ್ಲ, ಅದು ನಡುವಯಸ್ಸಿನ ತನಕ ಇಳಿದು, ಆಮೇಲೆ ಮತ್ತೆ ಏರುತ್ತೆ! ನಡುವಯಸ್ಸಲ್ಲಿ ಯಾಕೆ ಇಳಿಯುತ್ತೆ ಅಂತ ನನ್ನನ್ನು ಕೇಳಿ. ಇಎಂಐ, ಮಕ್ಕಳ ಫೀಸು, ಬಾಸು. ಕುತೂಹಲಕ್ಕೆ ಪುರುಸೊತ್ತು ಎಲ್ಲಿದೆ ಸ್ವಾಮಿ? ವಯಸ್ಸಾದ ಮೇಲೆ ಪುರುಸೊತ್ತೂ ಇದೆ, ಪ್ರಶ್ನೆಯೂ ಇದೆ, ಕೇಳಿಸಿಕೊಳ್ಳೋಕೆ ಮಾತ್ರ ಯಾರೂ ಇಲ್ಲ.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ. "ಕುತೂಹಲ ಇದ್ದರೆ ಮರೆವು ಬರಲ್ಲ" ಅಂತ ನಾಳೆ ಯಾರಾದ್ರೂ ನಿಮ್ಮ ವಾಟ್ಸ್ಆ್ಯಪ್‌ಗೆ ನನ್ನ ಫೋಟೋ ಹಾಕಿ ಕಳಿಸಿದರೆ ಡಿಲೀಟ್ ಮಾಡಿ. ನಾನು ಹಾಗೆ ಹೇಳಿಲ್ಲ. ಜೀವನಪೂರ್ತಿ ಓದಿ, ಬರೆದು, ಪಾಠ ಹೇಳಿದವರಿಗೂ ಆಲ್‌ಝೈಮರ್ ಬಂದಿದೆ. ಅದು ರೋಗ, ತಪ್ಪಲ್ಲ. ಮತ್ತೆ ಇನ್ನೊಂದು ಗಂಟೂ ಇದೆ. ಯಾವುದರಲ್ಲೂ ಆಸಕ್ತಿ ಇಲ್ಲದೆ ಹೋಗೋದು ಕೆಲವೊಮ್ಮೆ ಈ ಕಾಯಿಲೆಯ ಮೊದಲ ಗುರುತೇ ಆಗಿರುತ್ತೆ. ಕುತೂಹಲ ಸತ್ತದ್ದಕ್ಕೆ ಕಾಯಿಲೆ ಬಂತಾ, ಕಾಯಿಲೆ ಒಳಗೆ ಬಂದದ್ದಕ್ಕೆ ಕುತೂಹಲ ಸತ್ತಿತಾ ಅಂತ ಬಿಡಿಸಿ ಹೇಳೋದು ಸುಲಭ ಅಲ್ಲ. ಹಾಗಾಗಿ ಮನೆಯ ಹಿರಿಯರು ಇದ್ದಕ್ಕಿದ್ದ ಹಾಗೆ ಮೌನವಾದರೆ "ಈಗ ಸಮಾಧಾನ ಬಂದಿದೆ" ಅಂತ ಖುಷಿ ಪಡಬೇಡಿ. ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.

ನಾವು ಹೋದೆವು. ತಂಗಿ ಅತ್ತು ಕರೆದು ಮಾಡಿದ ಮೇಲೆ ಹೋದೆವು, ಅದನ್ನೂ ಹೇಳಬೇಕು. ಇವತ್ತು ಯಾವ ವಾರ, ಇದು ಯಾವ ಊರು, ಗಡಿಯಾರದ ಚಿತ್ರ ಬರೀರಿ, ಈ ಮೂರು ಶಬ್ದ ನೆನಪಿಟ್ಕೊಂಡು ಆಮೇಲೆ ಹೇಳಿ. ಅಮ್ಮ ಕೆಲವಕ್ಕೆ ಸರಿ ಹೇಳಿದಳು, ಕೆಲವಕ್ಕೆ ಪ್ರಶ್ನೆಯೇ ಬೇರೆ, ಉತ್ತರವೇ ಬೇರೆ. ನನ್ನ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗಾಯ್ತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಹೇಳಿದರು, "ಮೊದಲು ಇವರ ಕಿವಿ ನೋಡೋಣ."

ಕಿವಿ! ಎರಡೂ ಕಿವಿ ಅರ್ಧಕ್ಕರ್ಧ ಹೋಗಿತ್ತು. ನಾವು ಮಾತಾಡಿದ್ದು ಅವಳಿಗೆ ಗುಂಯ್ ಅಂತ ಕೇಳ್ತಿತ್ತು. ಶುರುವಲ್ಲಿ ಎರಡೆರಡು ಸಲ ಕೇಳಿದ್ದಾಳೆ. ನಾವು ಸಿಡುಕಿದ್ದೇವೆ. "ಅದೆಲ್ಲ ನಿನಗ್ಯಾಕಮ್ಮಾ" ಅಂದಿದ್ದೇವೆ. ನಾನೇ ಅಂದಿದ್ದೀನಿ, ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ಆಮೇಲೆ ಅವಳು ಕೇಳೋದು ಬಿಟ್ಟಳು. ನಲವತ್ತು ವರ್ಷ ಬೀಡಿ ಕಟ್ಟುತ್ತಾ ಜಗತ್ತಿನ ಎಲ್ಲಾ ದೇಶದ ಯುದ್ಧಕ್ಕೆ ಕಾರಣ ಕೇಳಿದವಳನ್ನು ಸುಮ್ಮನಾಗಿಸೋಕೆ ನನ್ನ ಮೂರು ಶಬ್ದ ಸಾಕಾಯ್ತು.

ಇದು ನಮ್ಮ ಮನೆಯಲ್ಲಿ ಮಾತ್ರ ಆದದ್ದಲ್ಲ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆ ನೇಮಿಸಿದ ಆಯೋಗ 2024ರಲ್ಲಿ ಹೇಳಿದ್ದು: ಜಗತ್ತಿನ ಡಿಮೆನ್ಷಿಯಾದಲ್ಲಿ ಶೇ. 45ರಷ್ಟು, ನಾವು ಬದಲಾಯಿಸಬಹುದಾದ 14 ಕಾರಣಗಳಿಗೆ ಸೇರಿದ್ದು. ಬಿ.ಪಿ., ಸಕ್ಕರೆ ಕಾಯಿಲೆ, ಸಿಗರೇಟು, ಒಂಟಿತನ ಎಲ್ಲ ಅದರಲ್ಲಿದೆ. ಕಿವಿ ಕೇಳದಿರೋದಕ್ಕೆ ಆ ಪಟ್ಟಿಯಲ್ಲಿ ದೊಡ್ಡ ಜಾಗ. ಚಿಕಿತ್ಸೆ ಮಾಡಿಸದ ಕಣ್ಣಿನ ತೊಂದರೆಯನ್ನೂ ಈ ಸಲ ಸೇರಿಸಿದರು. ಅಂದರೆ ಅಪ್ಪನ ಪೊರೆ ಆಪರೇಷನ್ನನ್ನು "ಮುಂದಿನ ವರ್ಷ ನೋಡೋಣ" ಅಂತ ತಳ್ಳುತ್ತಿದ್ದೀರಲ್ಲ, ಅದು ಬರೀ ಕಣ್ಣಿನ ವಿಷಯ ಅಲ್ಲ. ಕಾಣದಿದ್ದರೆ, ಕೇಳದಿದ್ದರೆ, ಮನುಷ್ಯ ಯಾವುದರ ಬಗ್ಗೆ ಅಂತ ಕುತೂಹಲ ಪಡಬೇಕು?

ಅಮ್ಮನಿಗೆ ಕಿವಿ ಮಷಿನ್ ಹಾಕಿಸಿದೆವು. ಮೊದಲ ವಾರ ಅದನ್ನು ತೆಗೆದು ತಲೆದಿಂಬಿನ ಅಡಿ ಇಡುತ್ತಿದ್ದಳು. ಪಾತ್ರೆ ಸದ್ದು, ಫ್ಯಾನ್ ಸದ್ದು, ನಿನ್ನ ಸದ್ದು, ಯಾವುದೂ ತಡೀಲಿಕ್ಕಾಗೋದಿಲ್ಲ ಅಂದಳು. ಅಭ್ಯಾಸ ಆಗೋಕೆ ಎರಡು ತಿಂಗಳು ಬೇಕಾಯ್ತು. ಒಂದು ಬೆಳಗ್ಗೆ ಕಾಫಿ ಕುಡೀತಾ, "ದಾಯೆ ಈ ಬೆಂಗಳೂರಲ್ಲಿ ಕಾಗೆ ಕಡಿಮೆ?" ಅಂದಳು. ನನ್ನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ಮತ್ತೆ ಹದಿನೈದು ದಿನಕ್ಕೆ, "ನನ್ನನ್ನು ಪಡೀಲ್‌ಗೆ ಬಿಡು" ಅಂದಳು. ಬಿಟ್ಟು ಬಂದೆ.

ಪಡೀಲ್ ಯಾಕೆ ಅವಳಿಗೆ ಔಷಧಿ ಆಯ್ತು ಅಂತ ಆಮೇಲೆ ಯೋಚನೆ ಮಾಡಿದೆ. ಅಲ್ಲಿ ಬೆಳಗ್ಗೆ ಗೇಟಿನ ಹತ್ತಿರ ನಿಂತರೆ ಸಾಕು. ತಂಗಿ ಹತ್ತಿರ ತುಳು. ಎದುರು ಮನೆ ಬಾಯಮ್ಮನ ಹತ್ತಿರ ಅರ್ಧ ಕೊಂಕಣಿ. ಮೀನಿನವನ ಹತ್ತಿರ ಬ್ಯಾರಿ ಭಾಷೆಯಲ್ಲಿ ಬಂಗುಡೆಗೆ ಚೌಕಾಸಿ. ಮೊಮ್ಮಗಳ ಟೀಚರ ಹತ್ತಿರ ಕನ್ನಡ. ಪಕ್ಕದ ಕಟ್ಟಡಕ್ಕೆ ಕೆಲಸಕ್ಕೆ ಬಂದ ಉತ್ತರದ ಹುಡುಗರ ಹತ್ತಿರ ತನಗೆ ತೋಚಿದ ಹಿಂದಿ. ಅವರಿಗೆ ಊರಲ್ಲಿ ಎಷ್ಟು ಎಕರೆ ಗದ್ದೆ, ಮದುವೆ ಆಗಿದೆಯಾ, ಎಲ್ಲ ಇವಳಿಗೆ ಗೊತ್ತು. ಇದೇನು ಮಹಾ ಅಂತೀರಾ? ಸುವರ್ಣಾ ಅಲ್ಲಾಡಿ ಅಂತ ನರರೋಗ ತಜ್ಞೆ, ಈಗ ನಮ್ಮ ನಿಮ್ಹಾನ್ಸ್‌ನಲ್ಲಿದ್ದಾರೆ. ಹೈದರಾಬಾದಿನಲ್ಲಿದ್ದಾಗ 648 ಮಂದಿ ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿ 2013ರಲ್ಲಿ ಒಂದು ವಿಷಯ ಪ್ರಕಟಿಸಿದರು. ಒಂದೇ ಭಾಷೆ ಆಡುವವರಿಗಿಂತ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಇದೇ ಕಂಡಿತು. ಬೇರೆ ಕಡೆಯ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ, ಅದೂ ಗೊತ್ತಿರಲಿ. ಆದರೆ ಭಾಷೆಯಿಂದ ಭಾಷೆಗೆ ದಿನಕ್ಕೆ ನೂರು ಸಲ ಜಿಗಿಯುವ ನಮ್ಮ ಕರಾವಳಿಯವರಿಗೆ ಸ್ವಲ್ಪ ಜಂಬ ಪಡೋಕೆ ಅಡ್ಡಿ ಇಲ್ಲ ಮಾರಾಯ್ರೇ.

ನಮ್ಮ ರಾಜ್ಯದ್ದೇ ಇನ್ನೊಂದು ಕೆಲಸ ಹೇಳಬೇಕು. ಕೋಲಾರ ಜಿಲ್ಲೆ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 45 ವರ್ಷ ದಾಟಿದ ಹಳ್ಳಿಯವರನ್ನು ವರ್ಷಾನುವರ್ಷ ಪರೀಕ್ಷೆ ಮಾಡ್ತಾ ಬರ್ತಿದೆ. ಗುರಿ ಹತ್ತು ಸಾವಿರ ಜನ. ಟೊಮೆಟೊ, ಮಾವು ಬೆಳೆಯೋ ರೈತರ ಮೆದುಳು ಹೇಗೆ ವಯಸ್ಸಾಗುತ್ತೆ ಅಂತ ಅವರ ಊರಲ್ಲೇ ನೋಡುವ ಕೆಲಸ. ಇದಕ್ಕೆ ಯಾವ ಚಾನಲ್ಲೂ ಬ್ರೇಕಿಂಗ್ ನ್ಯೂಸ್ ಹಾಕಲಿಲ್ಲ. ನಾವೂ ಹಾಕಲಿಲ್ಲ.

ಈಗ ನಮ್ಮ ಅಂಗಡಿಗೇ ಕಲ್ಲು ಹೊಡೆಯೋ ಮಾತು. 2019ರಲ್ಲಿ ಇಂಗ್ಲೆಂಡಿನ ಒಂದು ಅಧ್ಯಯನ ಬಂತು. ಐವತ್ತು ದಾಟಿದವರಲ್ಲಿ ದಿನಕ್ಕೆ ಮೂರೂವರೆ ಗಂಟೆಗಿಂತ ಹೆಚ್ಚು ಟಿವಿ ನೋಡುವವರ ಶಬ್ದಗಳ ನೆನಪು, ಆರು ವರ್ಷದಲ್ಲಿ ಉಳಿದವರಿಗಿಂತ ಹೆಚ್ಚು ಇಳಿದಿತ್ತು. ಇದನ್ನು ನಾನು ಟಿವಿಯಲ್ಲೇ ಕೂತು ಹೇಳ್ತಿದ್ದೀನಿ. ನಮ್ಮ ಮಾರ್ಕೆಟಿಂಗ್‌ನವರು ಗಾಜಿನ ಆಚೆ ಕೈ ಆಡಿಸ್ತಿದ್ದಾರೆ, ಕಾಣ್ತಿದೆ. ನಾವು ಮಾಡೋದೇನು? ಪ್ರಶ್ನೆ ನಾವೇ ಕೇಳ್ತೀವಿ, ಉತ್ತರ ನಾವೇ ಹೇಳ್ತೀವಿ, ಸಿಟ್ಟೂ ನಾವೇ ಮಾಡ್ಕೋತೀವಿ. ನೀವು ಮಾಡೋಕೆ ಏನೂ ಉಳಿಸಲ್ಲ. ಕುತೂಹಲ ಹುಟ್ಟೋ ಮೊದಲೇ ಕೆಳಗೆ ಪಟ್ಟಿಯಲ್ಲಿ ಉತ್ತರ ಓಡುತ್ತೆ.

ಹಾಗಾದರೆ ಸುಡೊಕು ಆಡಬೇಕಾ, ಪದಬಂಧ ಬಿಡಿಸಬೇಕಾ? ಆಡಿ, ತೊಂದರೆ ಇಲ್ಲ. ಆದರೆ ಮೂವತ್ತು ವರ್ಷದಿಂದ ಅದನ್ನೇ ಆಡುತ್ತಿದ್ದರೆ ಅದು ಅಭ್ಯಾಸ ಅಷ್ಟೇ. ಅಮೆರಿಕದ ಡಲ್ಲಾಸ್‌ನಲ್ಲಿ ಡೆನಿಸ್ ಪಾರ್ಕ್ ಅನ್ನುವವರು ಅರವತ್ತರಿಂದ ತೊಂಬತ್ತು ವರ್ಷದವರನ್ನು ಸೇರಿಸಿ, ಕೆಲವರಿಗೆ ಡಿಜಿಟಲ್ ಫೋಟೋಗ್ರಫಿ, ಕೆಲವರಿಗೆ ಕೌದಿ ಹೊಲಿಯೋದು ಮೂರು ತಿಂಗಳು ಕಲಿಸಿದರು. ವಾರಕ್ಕೆ ಹದಿನೈದು ಗಂಟೆ, ಆಟ ಅಲ್ಲ. ಇನ್ನು ಕೆಲವರು ಗುಂಪು ಕೂಡಿ ಹರಟೆ, ಸಿನಿಮಾ, ಪ್ರವಾಸ. ನೆನಪಿನ ಶಕ್ತಿ ಸುಧಾರಿಸಿದ್ದು ಹೊಸದು ಕಲಿತವರಲ್ಲಿ. 2014ರ ಮಾತು ಇದು. ಕೌದಿ! ನಮ್ಮ ಉತ್ತರ ಕರ್ನಾಟಕದ ಅಜ್ಜಿಯಂದಿರು ಕೇಳಿದರೆ ನಕ್ಕಾರು. ಅವರಿಗೆ ಫೋಟೋಗ್ರಫಿ ಕಲಿಸಬೇಕು, ಅಮೆರಿಕದವರಿಗೆ ಕೌದಿ.

ನಮ್ಮ ಕನ್ನಡದಲ್ಲಿ ಇದಕ್ಕೆ ಉದಾಹರಣೆ ಹುಡುಕೋಕೆ ಡಲ್ಲಾಸ್‌ವರೆಗೆ ಹೋಗಬೇಕಾಗಿಲ್ಲ. ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದು 1913ರಲ್ಲಿ. ವಿಜಯಾ ಕಾಲೇಜಿನಿಂದ 1973ರಲ್ಲಿ ನಿವೃತ್ತಿ. ನಾವು ನೀವು ಆದರೆ ಅಲ್ಲಿಗೆ ಪಿಂಚಣಿ, ಪಾರ್ಕು, ಪೇಪರು. ಅವರು 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣ ಶುರು ಮಾಡಿದ್ದು 1991ರಲ್ಲಿ, ಎಪ್ಪತ್ತೆಂಟರ ಹೊತ್ತಿಗೆ! ಅಂಕಣದ ರೂಪ ನೋಡಿ: ಊರೂರಿಂದ ಜನ ಪ್ರಶ್ನೆ ಬರೀತಾರೆ, ಈ ಶಬ್ದ ಎಲ್ಲಿಂದ ಬಂತು, ಇದು ಸರಿಯೋ ಅದು ಸರಿಯೋ ಅಂತ. ಅವರು ಹುಡುಕಿ ಉತ್ತರ ಬರೀತಾರೆ. ಬೇರೆಯವರ ಕುತೂಹಲವನ್ನೂ ತನ್ನ ತಲೆಗೆ ಹಾಕ್ಕೊಂಡ ಮನುಷ್ಯ. 97ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 2021ರಲ್ಲಿ ತೀರಿಕೊಂಡಾಗ 107 ವರ್ಷ.

ನಮ್ಮ ಕಡೆಯವರು ಬೇಕಾದರೆ ಶಿವರಾಮ ಕಾರಂತರು. ಪುತ್ತೂರಿಂದ ಮಂಗಳೂರಿಗೆ ಬರೋ ಬಸ್ಸೆಲ್ಲ ಪಡೀಲ್ ದಾಟಿಯೇ ಬರಬೇಕು, ಕಾರಂತರೂ ಎಷ್ಟೋ ಸಲ ದಾಟಿರಬೇಕು. ಕಾದಂಬರಿ, ಯಕ್ಷಗಾನ, ಮಕ್ಕಳಿಗೆ 'ಬಾಲಪ್ರಪಂಚ', ದೊಡ್ಡವರಿಗೆ 'ವಿಜ್ಞಾನ ಪ್ರಪಂಚ'. 1989ರಲ್ಲಿ, 87ರ ವಯಸ್ಸಲ್ಲಿ, ಕೈಗಾ ಅಣುಸ್ಥಾವರ ಬೇಡ ಅಂತ ಲೋಕಸಭೆಗೆ ನಿಂತರು. ತೊಂಬತ್ತು ದಾಟಿದ ಮೇಲೆ ಕೂತು ಹಕ್ಕಿಗಳ ಮೇಲೆ ಪುಸ್ತಕ ಬರೆದರು. ಅವರಿಗೆ ಮೆದುಳಿನ ಆರೋಗ್ಯದ ಚಿಂತೆ ಇತ್ತು ಅಂತ ನನಗನ್ನಿಸಲ್ಲ. ಹಕ್ಕಿಗಳ ಚಿಂತೆ ಇತ್ತು. ಅಮ್ಮನಿಗೂ ಹಾಗೇ. "ಅಮ್ಮಾ, ಪ್ರಶ್ನೆ ಕೇಳಿದರೆ ಮೆದುಳಿಗೆ ಒಳ್ಳೇದಂತೆ" ಅಂತ ನಾನು ಹೇಳಿದರೆ ಅವಳು ಕೇಳೋದು, "ಹಾಗಂತ ಯಾರು ಹೇಳಿದ್ದು?"

ಅಮೆರಿಕದ ಕ್ರೈಸ್ತ ಸನ್ಯಾಸಿನಿಯರ ಅಧ್ಯಯನದ ಕತೆ ಅವಳಿಗೆ ಹೇಳಿದ್ದೆ. ಡೇವಿಡ್ ಸ್ನೋಡನ್ ಅನ್ನುವವರು 1986ರಲ್ಲಿ ಶುರು ಮಾಡಿದ್ದು, 678 ಸಿಸ್ಟರ್‌ಗಳು ತೀರಿಕೊಂಡ ಮೇಲೆ ಮೆದುಳು ಕೊಡೋಕೆ ಒಪ್ಪಿದ್ದರು. ಅದರಲ್ಲಿ ಒಬ್ಬರು 101 ವರ್ಷ ಬದುಕಿದರು, ಕೊನೆತನಕ ಪರೀಕ್ಷೆಗಳಲ್ಲಿ ಚೆನ್ನಾಗಿ ಉತ್ತರ ಕೊಟ್ಟರು. ಆಮೇಲೆ ಮೆದುಳು ನೋಡಿದರೆ ಆಲ್‌ಝೈಮರ್‌ನ ಗುರುತುಗಳು ತುಂಬಿದ್ದವು! ರೋಗ ಒಳಗಿತ್ತು, ಹೊರಗೆ ಬದುಕು ನಡೀತಾ ಇತ್ತು. ಜೀವನಪೂರ್ತಿ ಕೂಡಿಟ್ಟ ಗಂಟು ಒಂದು ಇರುತ್ತೆ, ಕಷ್ಟಕಾಲಕ್ಕೆ ಮೆದುಳು ಅದರಿಂದ ತೆಗೆದು ಖರ್ಚು ಮಾಡುತ್ತೆ ಅಂತ ವಿಜ್ಞಾನಿಗಳ ವಿವರಣೆ. ಮಂಗಳೂರಿನವಳಲ್ವಾ, ಕಾನ್ವೆಂಟ್ ಸಿಸ್ಟರ್‌ಗಳು ಅಂದ ಕೂಡಲೇ ಅಮ್ಮನಿಗೆ ಆಸಕ್ತಿ. ಪೂರ್ತಿ ಕೇಳಿಸಿಕೊಂಡಳು.

ಪಡೀಲ್‌ನಲ್ಲಿ ಜಿಲ್ಲಾಧಿಕಾರಿ ಕಚೇರಿಗೆ ದೊಡ್ಡ ಹೊಸ ಕಟ್ಟಡ ಆಯ್ತಲ್ಲ, ಪ್ರಜಾಸೌಧ, 2025ರ ಮೇ ತಿಂಗಳಲ್ಲಿ ಉದ್ಘಾಟನೆ ಆಯ್ತು. ಅಮ್ಮ ಒಬ್ಬಳೇ ನಡೆದುಕೊಂಡು ಹೋಗಿದ್ದಾಳೆ ನೋಡೋಕೆ. ಯಾವ ಅರ್ಜಿಯೂ ಇಲ್ಲ, ಯಾವ ಸರ್ಟಿಫಿಕೇಟೂ ಬೇಡ. ತಂಗಿ ಗಾಬರಿಯಾಗಿ ಸ್ಕೂಟರ್‌ನಲ್ಲಿ ಹುಡುಕ್ಕೊಂಡು ಹೋದರೆ, ಇವಳು ಯಾರ ಹತ್ತಿರವೋ ನಿಂತು ಮಾತಾಡ್ತಿದ್ದಾಳೆ. ಯಾವ ಇಲಾಖೆ ಯಾವ ಮಹಡಿ, ಸ್ಟೇಟ್‌ಬ್ಯಾಂಕ್ ಹತ್ತಿರದ ಹಳೇ ಆಫೀಸನ್ನು ಏನು ಮಾಡ್ತಾರೆ, ಇಷ್ಟು ಜನ ಬಂದರೆ ಬಸ್ಸು ಹೆಚ್ಚು ಬಿಡ್ತಾರಾ. ತಂಗಿ ನನಗೆ ಫೋನ್ ಮಾಡಿ ದೂರಿದಳು, "ಬಿಸಿಲಲ್ಲಿ ನಿಂತಿದ್ದಾಳೆ ಅಣ್ಣಾ, ನೀನೇ ಸ್ವಲ್ಪ ಹೇಳು." ಬಾಯಿಗೆ ಬಂದಿತ್ತು, ಅದೇ ಮೂರು ಶಬ್ದ. ನುಂಗಿಕೊಂಡೆ. "ಅಮ್ಮಾ, ಕೊಡೆ ಹಿಡ್ಕೊಂಡು ಹೋಗು" ಅಂದೆ.

ಈ ಪ್ರೋಗ್ರಾಂ ಮುಗಿದ ಮೇಲೆ ದಿನಾ ಅವಳ ಫೋನ್ ಬರುತ್ತೆ. ಹೋದ ವಾರ ನಾನು "ವಿಜ್ಞಾನಿಗಳು ಹೇಳ್ತಾರೆ" ಅಂತ ಒಂದು ಕಡೆ ಅಂದಿದ್ದಕ್ಕೆ, "ಯಾವ ವಿಜ್ಞಾನಿ? ಅವರಿಗೆ ಹೆಸರಿಲ್ವಾ?" ಅಂತ ಕೇಳಿದ್ದಳು. ಅದಕ್ಕೇ ಇವತ್ತು ಹೆಸರು, ವರ್ಷ ಸಮೇತ ಹೇಳಿದ್ದು. ಇವತ್ತು ಏನು ಕೇಳ್ತಾಳೆ ಅಂತಲೂ ನನಗೆ ಹೆಚ್ಚುಕಡಿಮೆ ಗೊತ್ತು. ಆ ಸಿಸ್ಟರ್‌ಗಳ ಮೆದುಳನ್ನು ನೋಡಿ ಆದ ಮೇಲೆ ಎಂತ ಮಾಡಿದರು, ಎಲ್ಲಿಟ್ಟಿದ್ದಾರೆ?

ಬ್ರೇಕ್‌ನಲ್ಲಿ ಹುಡುಕಬೇಕು.